ಕುರ್ಚಿ ತಿರುಗಿಸಿದ ವರ್ಷ

ಕೂಂ... ಅಂತ ಎಳೆಯಂಥ ಒಂದು ಸದ್ದು. ಸೊಳ್ಳೆಯೊಂದು ಕಿವಿಯ ತನಕ ಬಂದು, ಮನಸ್ಸು ಬದಲಾಯಿಸಿ ಹೊರಟುಹೋದ ಹಾಗೆ. ಅದರ ಹಿಂದೆ, ಎರಡು ಗೋಡೆಯಾಚೆಯಿಂದ, ಫ್ಯಾಕ್ಟರಿಯ ಪ್ರೆಸ್ ಶಾಪಿನ ಧಡ್, ಧಡ್, ಧಡ್. ಈ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಬರುತ್ತಿತ್ತು. ಮೇಜಿನ ಮೇಲಿಟ್ಟ ಟೀ ಲೋಟದೊಳಗೆ ಉಂಗುರ ಉಂಗುರವಾಗಿ ನಡುಗುತ್ತಿತ್ತು. ಇವೆರಡೂ ಒಟ್ಟಿಗೆ ನೆನಪಾದರೆ ನನಗೆ ಅದು ಎಂಬತ್ತೈದನೇ ಇಸವಿ, ಬೇರೆ ಯಾವ ವರ್ಷವೂ ಅಲ್ಲ.

ಮೊನ್ನೆ ಹೊಸೂರಿನ ಕಿವಿ ಕ್ಲಿನಿಕ್ಕಿನಲ್ಲಿ ಆ ಕೂಂ ಸದ್ದನ್ನು ಮತ್ತೆ ಕೇಳಿದೆ. ಕೇಳಿದೆ ಅನ್ನುವುದು ಜಂಬ, ಅರ್ಧ ಕೇಳಿದೆ. "ದೊಡ್ಡಮ್ಮಾ, ನಿಮ್ಮ ಟಿವಿ ಸೀರಿಯಲ್ಲು ಆಲಸನತ್ತಂ ಬಡಾವಣೆ ಪೂರ್ತಿ ಕೇಳ್ತಿದೆ" ಅಂತ ತಂಗಿಯ ಮಗಳು ಬೈದು ಕರೆದುಕೊಂಡು ಹೋಗಿದ್ದಳು. ಕಾಯುವ ಕೋಣೆಯ ಟೀಪಾಯಿಯ ಮೇಲೆ ಯಾವುದೋ ಕಂಪನಿಯ ಗ್ಲಾಸಿ ಪುಸ್ತಕ ಬಿದ್ದಿತ್ತು, ಸಸ್ಟೇನಬಿಲಿಟಿ ರಿಪೋರ್ಟ್. ಪುಟ ತಿರುಗಿಸಿದರೆ ಪರಿಸರ, ಆರೋಗ್ಯ, ಸುರಕ್ಷತೆ, ಎಲ್ಲಕ್ಕೂ ಒಂದೊಂದು ಹಸಿರು ಎಲೆಯ ಚಿತ್ರ. ಒಂದು ಫೋಟೋದಲ್ಲಿ ಹಳದಿ ಇಯರ್ ಮಫ್ ಹಾಕಿಕೊಂಡ ಕೆಲಸಗಾರ ನಗುತ್ತಿದ್ದಾನೆ. ಮಫ್ಫಿನ ಮೇಲೆ ಒಂದು ಗೀರಿಲ್ಲ, ಒಂದು ಎಣ್ಣೆ ಬೆರಳಿನ ಗುರುತಿಲ್ಲ. ಪುಸ್ತಕ ಮುಚ್ಚಿ ಬೋರಲು ಹಾಕಿಟ್ಟೆ.

ಒಳಗೆ ಹೋದರೆ ಟೆಸ್ಟು ಮಾಡುವ ಹುಡುಗಿ, "ಆಂಟಿ, ಆ ಕಡೆ ತಿರುಗಿ ಕೂತ್ಕೊಳ್ಳಿ, ಗೋಡೆ ನೋಡ್ಕೊಂಡು" ಅಂದಳು.

"ಯಾಕಮ್ಮಾ?" ಅಂದೆ, ಗೊತ್ತಿದ್ದೂ.

"ನನ್ನ ಕೈ ನಿಮಗೆ ಕಾಣಬಾರದು ಆಂಟಿ. ಕಂಡ್ರೆ ಟೆಸ್ಟೇ ಸುಳ್ಳಾಗುತ್ತೆ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಅದೊಂದು ಮಾತು ಕಲಿಯಲು ನನಗೆ ಒಂದು ವರ್ಷ ಹಿಡಿದಿತ್ತು. ಆ ಕಲಿಕೆಗೆ ಕಿವಿ ಕೊಟ್ಟವರು ಬೇರೆ ಯಾರೋ.

ನಾನಾಗ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಸ್ಟೆನೋ. ಬೆಂಗಳೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಓದಿ ಬಂದ ಇಂಗ್ಲಿಷ್ ಒಂದೇ ನನ್ನ ಆಸ್ತಿ. ತಗಡಿನ ಹಾಳೆಗಳನ್ನು ದೊಡ್ಡ ದೊಡ್ಡ ಪ್ರೆಸ್ಸುಗಳಲ್ಲಿ ಒತ್ತಿ ಗಾಡಿಗಳ ಬಿಡಿಭಾಗ ಮಾಡುತ್ತಿದ್ದರು. ಭೋಪಾಲದ ಗ್ಯಾಸ್ ದುರಂತದ ಸುದ್ದಿ ಪೇಪರಿನಲ್ಲಿ ಬಂದ ಮೇಲೆ, ಜನವರಿಯ ಚಳಿಯಲ್ಲಿ, ನಮ್ಮ ಮ್ಯಾನೇಜರ್ ಸೌಂದರರಾಜನ್ ಅವರಿಗೂ ಒಂದು ಸೇಫ್ಟಿ ಡಿಪಾರ್ಟ್‌ಮೆಂಟ್ ಬೇಕು ಅನ್ನಿಸಿತು. ಮದರಾಸಿನವರು, ಅಚ್ಚುಕಟ್ಟಾದ ಮನುಷ್ಯ, ಶರ್ಟಿನ ಜೇಬಿನಲ್ಲಿ ಸದಾ ಎರಡು ಪೆನ್ನು. "ಮಿಸ್ ಲಲಿತಾ, ಫ್ರಂ ಟುಡೇ ಯು ಆರ್ ಸೇಫ್ಟಿ" ಅಂದರು. ಡಿಪಾರ್ಟ್‌ಮೆಂಟ್ ಅಂದರೆ ಹಳೆಯ ರೆಕಾರ್ಡ್ ರೂಮು, ಒಂದು ಮೇಜು, ಒಂದು ಕಬ್ಬಿಣದ ಬೀರು, ಮತ್ತು ನಾನು. ಗೋಡೆಗೆ ಹಚ್ಚಲು ಚಾರ್ಟುಗಳು ಬಂದವು, ಇಂಗ್ಲಿಷಿನಲ್ಲಿ ಮತ್ತು ತಮಿಳಿನಲ್ಲಿ. ನಮ್ಮ ಪ್ರೆಸ್ ಶಾಪಿನ ಅರ್ಧ ಜನ ಕನ್ನಡವನ್ನೋ ತೆಲುಗನ್ನೋ ನಾಲ್ಕನೇ ಕ್ಲಾಸು ತನಕ ಓದಿದವರು. ಚಾರ್ಟಿನಲ್ಲಿ ಅವರು ನೋಡುತ್ತಿದ್ದದ್ದು ಬೊಂಬೆ ಮಾತ್ರ. ಕನ್ನಡದಲ್ಲೂ ಬರೆಸೋಣ ಸರ್ ಅಂದರೆ, "ದಿಸ್ ಈಸ್ ತಮಿಳ್ ನಾಡು, ಮಿಸ್ ಲಲಿತಾ" ಅನ್ನುವ ಒಂದೇ ಉತ್ತರ.

ಪ್ರೆಸ್ ಶಾಪಿನವರು ರಜೆ ಚೀಟಿ ಕೊಡಲು ಬಂದರೆ ನನ್ನೆದುರು ನಿಂತು ಕೂಗುತ್ತಿದ್ದರು. ಒರಟರು ಅಂತ ಆಫೀಸಿನವರ ನಗು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಗಮನಿಸಿದೆ, ನಾನು ಮಾತಾಡುವಾಗ ಅವರು ನನ್ನ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಪ್ರೆಸ್ ಲೈನಿನ ಸುತ್ತ ಸದ್ದು ತಡೆಯುವ ಗೋಡೆ ಕಟ್ಟಬೇಕು, ಮೆಷಿನ್ನಿನ ಅಡಿಗೆ ರಬ್ಬರ್ ಹಾಸಬೇಕು ಅಂತ ಒಂದು ಪ್ರಪೋಸಲ್ ಟೈಪ್ ಮಾಡಿ ಸೌಂದರರಾಜನ್ನರ ಟ್ರೇಯಲ್ಲಿಟ್ಟೆ. ಅವರು ಕೆಟ್ಟವರಲ್ಲ. ಓದಿದರು. "ಬ್ರಿಂಗ್ ಮಿ ಪ್ರೂಫ್. ನೀವು ಪ್ರೂಫ್ ಕೊಡಿ, ನಾನು ಗೋಡೆ ಕೊಡ್ತೀನಿ" ಅಂದರು. ಮಾರ್ಚಿನಲ್ಲಿ ಕಿವಿ ಪರೀಕ್ಷೆಯ ಮೆಷಿನ್ನೂ ತರಿಸಿಕೊಟ್ಟರು. ವಾರಕ್ಕೆರಡು ದಿನ ಬರುವ ಡಾಕ್ಟರು ಅದರ ಮುಚ್ಚಳ ತೆಗೆದು ನೋಡಿ, "ಬಟನ್ ಒತ್ತಿ, ಅವರು ಬೆರಳೆತ್ತಿದರೆ ಟಿಕ್ ಮಾಡಿ, ಅಷ್ಟೇ" ಅಂದು ನನ್ನ ಕಡೆ ತಳ್ಳಿಬಿಟ್ಟರು.

ಜೊತೆಗೊಂದು ಪುಸ್ತಿಕೆ ಇತ್ತು. ಅದನ್ನು ನಾನು ಓದಿದ್ದೆ, ಇದನ್ನು ಒಪ್ಪಿಕೊಳ್ಳಲೇಬೇಕು. ಪರೀಕ್ಷೆಗೆ ಕೂತವನಿಗೆ ಪರೀಕ್ಷೆ ಮಾಡುವವರ ಕೈ ಕಾಣದ ಹಾಗೆ ಕೂರಿಸತಕ್ಕದ್ದು ಅಂತ ಸ್ಪಷ್ಟವಾಗಿ ಬರೆದಿತ್ತು. ಮೊದಲ ದಿನ ಕುರ್ಚಿಯನ್ನು ಗೋಡೆಗೆ ಮುಖ ಮಾಡಿಯೇ ಇಟ್ಟಿದ್ದೆ. ಮೊದಲು ಬಂದದ್ದು ತೊರಪಲ್ಲಿ ಅಗ್ರಹಾರದ ವೆಂಕಟಪ್ಪ, ಶಾಪಿಗೆಲ್ಲ ಹಿರಿಯ, ಅವನು ಹೇಳಿದ ಮೇಲೆ ಬೇರೆ ಮಾತಿಲ್ಲ. ಬಾಗಿಲಲ್ಲೇ ನಿಂತ.

"ಕೂತ್ಕೊಳ್ಳಿ ವೆಂಕಟಪ್ಪ."

"ಅದ್ಯಾಕೆ ಚೇರು ಆ ಕಡೀಕೆ ತಿರುಗೈತೆ?"

"ಗೋಡೆ ಕಡೆ ನೋಡ್ಕೊಂಡು ಕೂರಬೇಕು."

"ನೀವು ಈ ಕಡೆ ಕುಂತಿರ್ತೀರಿ, ನಾನು ನಿಮ್ಗೆ ಬೆನ್ನು ತೋರಿಸ್ಕೊಂಡು ಕುಂತ್ಕೊಳ್ಳಾದಾ? ಹೆಣ್ಮಗಳು ನೀವು. ಬೇಡ ಬುಡಿ, ನಂಗೆ ಈ ಟೆಸ್ಟೇ ಬೇಡ." ಹೊರಟೇಬಿಟ್ಟ. ಹೊರಗೆ ಸಾಲಾಗಿ ನಿಂತಿದ್ದವರೂ ಹಿಂದೆ ಸರಿದರು.

ನನಗೂ ಒಳಗೊಳಗೆ ಹಿತವಾಗಿತ್ತು, ಯಾಕೆ ಸುಳ್ಳು ಹೇಳಲಿ. ಗರ್ಲ್ಸ್, ಎದುರಿಗಿರುವವರಿಗೆ ಬೆನ್ನು ತೋರಿಸಬಾರದು, ಅವರಿಂದ ತೋರಿಸಿಕೊಳ್ಳಲೂ ಬಾರದು ಅಂತ ಬೋರ್ಡಿಂಗಿನ ಸಿಸ್ಟರ್ ನಮಗೆ ಹತ್ತು ವರ್ಷ ಕಲಿಸಿದ್ದರು. ಎರಡು ಕಡೆಯ ಮರ್ಯಾದೆಯೂ ಒಂದಾಯಿತು. ಎದ್ದು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದೆ. ವೆಂಕಟಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಂದು ಕೂತ. ಸಾಲೂ ಮುಂದಕ್ಕೆ ಬಂತು.

ಬೇಸಗೆ ಪೂರ್ತಿ ಟೆಸ್ಟು ನಡೆಯಿತು. ಕಿಟಕಿಗೆ ನಾನೇ ಕಂಬಳಿ ಹೊದಿಸಿದ್ದೆ, ರೂಮು ಮಬ್ಬಾಗಿತ್ತು. ಸದ್ದು ಬಾರದಿರಲಿ ಅಂತ ಕಂಬಳಿ. ಧಡ್ ಧಡ್ ಮಾತ್ರ ನೆಲದಿಂದ ಬರುತ್ತಲೇ ಇತ್ತು. ಬಲಗಿವಿಗೆ ಕೆಂಪು ಪೆನ್ಸಿಲಿನಲ್ಲಿ ಸೊನ್ನೆ, ಎಡಗಿವಿಗೆ ನೀಲಿಯಲ್ಲಿ ಇಂಟು ಮಾರ್ಕು. ಮಕ್ಕಳು ಆಡುವ ಆಟದ ಹಾಗೆ ಇತ್ತು.

ಆ ಸಾಲಿನಲ್ಲಿದ್ದವನು ಉದ್ದನಪಲ್ಲಿಯ ಮುನಿರಾಜು. ಮೂವತ್ತು ದಾಟಿರಲಿಲ್ಲ. ಫ್ಯಾಕ್ಟರಿ ಶುರುವಾದ ಕಾಲದಿಂದ ಟೆಂಪರರಿಯಾಗಿ ಪ್ರೆಸ್ಸಿನ ಮುಂದೆ ನಿಂತವನು, ಆ ವರ್ಷ ಮುಗಿದರೆ ಪರ್ಮನೆಂಟ್. ವರ್ಷದ ಕೊನೆಗೆ ಮೆಡಿಕಲ್ ಫಿಟ್ ಅಂತ ಚೀಟಿ ಬೇಕಿತ್ತು. ಎಲ್ಲರೂ ನನಗೆ ಮೇಡಂ ಅಂದರೆ ಇವನೊಬ್ಬ ಅಕ್ಕಾ ಅನ್ನುತ್ತಿದ್ದ. ಹೆಡ್‌ಫೋನು ಹಾಕಿದರೆ, "ರೇಡಿಯೋ ಸ್ಟೇಶನ್ನು ಸಿಗ್ತಾ ಇಲ್ಲ, ಮುಳ್ಳು ತಿರುಗ್ಸಿ ಅಕ್ಕಾ" ಅಂತ ನಗಿಸುತ್ತಿದ್ದ. ಕೂಂ ಅಂದ ತಕ್ಷಣ ಬೆರಳು ಮೇಲೆ. ಎಷ್ಟು ಸಣ್ಣ ಸದ್ದು ಕೊಟ್ಟರೂ ಬೆರಳು ಮೇಲೆ.

ನಲವತ್ತಾರು ಜನ, ಎಲ್ಲರೂ ನಾರ್ಮಲ್. ನನಗೇ ಆಶ್ಚರ್ಯ. ಆದರೆ ಕಾಗದದ ಮೇಲೆ ಕೆಂಪು ನೀಲಿ ಗೆರೆಗಳು ನೆಟ್ಟಗೆ ಮಲಗಿದ್ದವು. ಮೆಷಿನ್ನು ಸುಳ್ಳು ಹೇಳುತ್ತದೆಯೇ ಅಂದುಕೊಂಡು ರಿಪೋರ್ಟ್ ಟೈಪ್ ಮಾಡಿ ಸಹಿ ಹಾಕಿದೆ. ಆಗಸ್ಟಿನಲ್ಲಿ ಸೌಂದರರಾಜನ್ ಕರೆದು ಕೈ ಕುಲುಕಿದರು. "ಎಕ್ಸಲೆಂಟ್ ವರ್ಕ್!" ಹೆಡ್ ಆಫೀಸಿಗೆ ರಿಪೋರ್ಟ್ ಹೋಯಿತು, ಅಲ್ಲಿಂದ ಒಂದು ಹಿತ್ತಾಳೆ ಶೀಲ್ಡ್ ಬಂತು. ಗೋಡೆಯ ಪ್ರಪೋಸಲಿನ ಮೇಲೆ ಹಸಿರು ಶಾಯಿಯಲ್ಲಿ ಎರಡೇ ಪದ: ನಾಟ್ ನೆಸೆಸರಿ. ಪ್ರೂಫ್ ಕೊಟ್ಟವಳು ನಾನೇ.

ಸೆಪ್ಟೆಂಬರಿನಲ್ಲಿ ಮುನಿರಾಜುವಿನ ಮಗಳ ನಾಮಕರಣ. ಬಸ್ಸಿಳಿದು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಸೀರೆ ಎತ್ತಿ ಹಿಡಿದು ಹೋಗಿದ್ದೆ. ಜಗುಲಿಯ ಮೇಲೆ ನನ್ನನ್ನು ಕೂರಿಸಿ ಮುನಿರಾಜು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಒಳಗೆ ಮಗು ಒಂದೇ ಸಮನೆ ಅಳುತ್ತಿತ್ತು. ಇವನು ನನ್ನ ಬಾಯನ್ನೇ ನೋಡುತ್ತ, "ನಮ್ ಮಗು ಬೋ ಒಳ್ಳೇದು ಕಣಕ್ಕಾ, ಅಳೋದೇ ಇಲ್ಲ. ರಾತ್ರಿಯೆಲ್ಲಾ ಸುಮ್ಕೆ ಮಲಗ್ತದೆ" ಅಂದ. ಒಳಗಿನಿಂದ ಅವನ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಳು. ನನ್ನನ್ನೇ ನೋಡಿದಳು. ಅಪ್ಪಂದಿರ ಜಂಬ ಅಂದುಕೊಂಡು ನಾನು ನಕ್ಕೆ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ.

ಅಕ್ಟೋಬರಿನ ಜಡಿಮಳೆ. ಪರ್ಮನೆಂಟ್ ಆಗುವವರಿಗೆ ಇನ್ನೊಂದು ಸಲ ಟೆಸ್ಟು. ಮುನಿರಾಜು ನೆನೆದ ತಲೆಗೇ ಹೆಡ್‌ಫೋನು ಹಾಕಿಕೊಂಡು ಕೂತ. ಬೆರಳು ಏಳುತ್ತಿತ್ತು, ಇಳಿಯುತ್ತಿತ್ತು. ಮಳೆಯ ತೇವಕ್ಕೆ ನನ್ನ ಕನ್ನಡಕ ಮಬ್ಬಾಗಿ, ಅದನ್ನು ತೆಗೆದು ಎಡಗೈಯಲ್ಲಿ ಸೆರಗಿಗೆ ಒರೆಸುತ್ತ, ಬಲಗೈಯನ್ನು ಫೈಲಿನ ಮರೆಯಲ್ಲಿ ಬಟನ್ ಮೇಲಿಟ್ಟು ಒತ್ತುತ್ತಲೇ ಇದ್ದೆ. ಬೆರಳು ಏಳಲಿಲ್ಲ. ಸದ್ದು ಜಾಸ್ತಿ ಮಾಡಿದೆ. ಏಳಲಿಲ್ಲ. ಇನ್ನೂ ಜಾಸ್ತಿ ಮಾಡಿದೆ. ನನಗೇ ಹೊರಗಿನಿಂದ ಆ ಕೂಂ ಕೇಳುತ್ತಿದೆ, ಅವನು ಸುಮ್ಮನೆ ನನ್ನ ಮುಖ ನೋಡುತ್ತಿದ್ದಾನೆ. ಕನ್ನಡಕ ಹಾಕಿಕೊಂಡು ಒತ್ತಿದೆ. ಬೆರಳು ಮೇಲೆ.

ಹೆಡ್‌ಫೋನು ತೆಗೆಸಿದೆ. "ಮುನಿರಾಜು, ನಿಜ ಹೇಳು."

ಅವನು ಹೆಡ್‌ಫೋನನ್ನು ಮೇಜಿನ ಮೇಲಿಟ್ಟ. ಆಮೇಲೆ ಅದೇ ನಗು. "ಆ ಮಿಷಿನ್ನಾಗೆ ಕೆಂಪು ದೀಪ ಐತಲ್ಲ ಅಕ್ಕಾ, ನೀವು ಒತ್ತಿದ್ರೆ ಹತ್ಕೊಳ್ತದೆ. ನಿಮ್ ಕನ್ನಡಕ್ದಾಗೆ ಕಾಣ್ತದೆ, ಜೋಡಿ ದೀಪ."

"ಎಲ್ಲರಿಗೂ ಗೊತ್ತಾ?"

"ಶಾಪಿಗೆಲ್ಲಾ ಗೊತ್ತು. ವೆಂಕಟಪ್ಪನೇ ಹೇಳ್ಕೊಟ್ಟಿದ್ದು. ಕಿವಿ ನೆಚ್ಕೊಬ್ಯಾಡ್ರಲಾ, ಮೇಡಮ್ಮನ ಕಣ್ಣು ನೋಡ್ರಿ ಅಂತ."

ನನಗೆ ಬಂದದ್ದು ಸಿಟ್ಟೋ ಅಳುವೋ ಇವತ್ತಿಗೂ ಗೊತ್ತಿಲ್ಲ. ಎದ್ದು ಕುರ್ಚಿಯನ್ನು ಗೋಡೆಗೆ ತಿರುಗಿಸಿದೆ, ಅದರ ಕಾಲು ಸಿಮೆಂಟಿನ ಮೇಲೆ ಕಿರ್ರೆಂದಿತು. ಮೂರು ದಿನ, ಕೇಳಿಕೊಂಡು, ಬೈದು, ಅಂಗಲಾಚಿ, ಇಪ್ಪತ್ತು ಜನರನ್ನು ಮತ್ತೆ ಕೂರಿಸಿದೆ. ವೆಂಕಟಪ್ಪನೂ ಬಂದ. ಈ ಸಲ ಮರ್ಯಾದೆಯ ಮಾತೆತ್ತಲಿಲ್ಲ, ಗೋಡೆ ನೋಡುತ್ತ ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. ಒತ್ತಿದೆ, ಒತ್ತಿದೆ. ಆ ಕೈ ಏಳಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಕೇಳಿದ, "ಶುರು ಮಾಡಿದ್ರಾ ಮೇಡಮ್ಮಾ?"

ಹೊಸ ಹಾಳೆಗಳಲ್ಲಿ ಕೆಂಪು ನೀಲಿ ಗೆರೆಗಳು ಬಾವಿಗೆ ಇಳಿದ ಹಾಗೆ ಇಳಿದಿದ್ದವು. ಇಪ್ಪತ್ತರಲ್ಲಿ ಹದಿನೇಳು ಜನರದ್ದು. ಕಟ್ಟಿಕೊಂಡು ಸೌಂದರರಾಜನ್ನರ ಮುಂದೆ ಇಟ್ಟೆ. ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಶೀಲ್ಡ್ ಹೊಳೆಯುತ್ತಿತ್ತು. ಒಂದೊಂದೇ ಹಾಳೆ ತಿರುವಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ಎರಡು ರಿಪೋರ್ಟಿಗೂ ನಿಮ್ಮದೇ ಸಹಿ, ಮಿಸ್ ಲಲಿತಾ. ಇದರಲ್ಲಿ ಸುಳ್ಳು ಯಾವುದು?"

"ಮೊದಲನೆಯದು ಸರ್. ತಪ್ಪು ನನ್ನದು. ಕುರ್ಚಿ..."

"ಲೆಟ್ ಮಿ ಫಿನಿಶ್. ಎರಡನೆಯದು ನಿಜ ಅಂದರೆ ಈ ಹದಿನೇಳು ಜನ ಅನ್‌ಫಿಟ್. ಇವರಲ್ಲಿ ಆರು ಜನ ಜನವರಿಗೆ ಪರ್ಮನೆಂಟ್ ಲಿಸ್ಟಿನಲ್ಲಿದ್ದಾರೆ. ಹೊಡೆದುಹಾಕಲಾ?" ಪೆನ್ನಿನ ಟೋಪಿ ತೆಗೆದರು.

"ಕಿವಿ ಹೋಗಿರುವುದು ನಮ್ಮ ಮೆಷಿನ್ನಿನಿಂದ ಸರ್! ಗೋಡೆ ಕಟ್ಟಿಸಿ, ಇವರನ್ನು ಬೇರೆ ಕೆಲಸಕ್ಕೆ ಹಾಕಿ. ಅವರನ್ನೇ ಹೊಡೆದುಹಾಕುವುದು ಯಾವ ನ್ಯಾಯ?"

"ಅದಕ್ಕೆ ನನ್ನ ಹತ್ತಿರ ಫಾರ್ಮ್ ಇಲ್ಲ. ಫಿಟ್ ಗೆ ಇದೆ, ಅನ್‌ಫಿಟ್ ಗೆ ಇದೆ. ನಾಳೆ ತನಕ ಯೋಚನೆ ಮಾಡಿ, ಯಾವ ಫೈಲು ಇಟ್ಟುಕೊಳ್ಳಬೇಕು ಅಂತ ನೀವೇ ಹೇಳಿ."

ಎಷ್ಟು ಸಭ್ಯವಾಗಿ ನನ್ನ ಕೈಗೆ ಚಾಕು ಕೊಟ್ಟರು! ಆ ವರ್ಷವೆಲ್ಲ ನನಗೆ ಎದುರಾದದ್ದು ಇಂಥ ಸಭ್ಯತೆಯೇ. ಯಾರೂ ಬೇಡ ಅನ್ನಲಿಲ್ಲ, ಯಾರೂ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ರೂಮಿನ ಬಾಗಿಲು ತೆಗೆಯುವ ಮೊದಲೇ ಮುನಿರಾಜು ನಿಂತಿದ್ದ. ಟವೆಲ್ಲಿನಲ್ಲಿ ಕಟ್ಟಿದ ಎಳೆ ಅವರೆಕಾಯಿ ಮೇಜಿನ ಮೇಲಿಟ್ಟ. ಸೊಗಡಿನ ವಾಸನೆ ರೂಮಿಗೆಲ್ಲ ಹರಡಿತು. ನಗುತ್ತಿರಲಿಲ್ಲ.

"ಅಕ್ಕಾ, ಆ ಪೇಪರು ವಾಪಸ್ ತಗೊಂಬುಡಿ."

"ನಿನ್ನ ಕಿವಿ ಹೋಗ್ತಿದೆ ಮುನಿರಾಜು. ಇರೋ ಅಷ್ಟನ್ನಾದ್ರೂ ಉಳಿಸ್ಕೋಬೇಕು."

"ಹೋಗಿದ್ದು ಹೋಗ್ಬುಟ್ಟೈತೆ. ಪರ್ಮನೆಂಟೂ ಹೋದ್ರೆ ಏನು ಮಾಡ್ಲಿ? ಒಂಬತ್ತು ವರ್ಷ ನಿಂತಿದೀನಿ ಆ ಪ್ರೆಸ್ ಮುಂದೆ. ನಮ್ಮೂರಾಗೆ ಎಲ್ಲರ್ಗೂ ಹೇಳ್ಬುಟ್ಟಿದೀನಿ."

"ನಿನ್ನ ಮಗಳು ಅಳೋದು ನಿನಗೆ ಕೇಳಲ್ಲ ಕಣೋ." ಅಂದುಬಿಟ್ಟೆ. ಅನ್ನಬಾರದಿತ್ತು.

ಅವನು ನನ್ನ ಬಾಯಿ ನೋಡುತ್ತಲೇ ನಿಂತ. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಅಳ್ತದಾ?" ಅಂದ. ಆಮೇಲೆ ಬಾಗಿಲ ಕಡೆ ಹೋಗಿ, ತಿರುಗಿ, "ಕೇಳ್ದಿದ್ರೆ ಏನಾಯ್ತು, ಅವಳಿಗೆ ಅನ್ನ ಹಾಕ್ಬೇಕಲ್ಲ. ನೀವು ಓದ್ದೋರು ಅಕ್ಕಾ, ನಿಮ್ ಚೇರು ಯಾವ ಕಡೀಕೆ ತಿರುಗ್ಸಿದ್ರೂ ನಿಮ್ ಕೆಲ್ಸ ಇರ್ತದೆ" ಅಂದು ಹೋದ.

ಎರಡನೆಯ ಫೈಲನ್ನು ನಾನು ವಾಪಸ್ ತಂದೆ. ಹೌದು, ತಂದೆ. ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಅದಕ್ಕೆ ಬದಲಾಗಿ ಅಂತಲೋ ಏನೋ, ಡಿಸೆಂಬರಿನಲ್ಲಿ ಸೌಂದರರಾಜನ್ ಹನ್ನೆರಡು ಇಯರ್ ಮಫ್ ತರಿಸಿದರು. ಹಳದಿ, ಹೊಸ ಪ್ಲಾಸ್ಟಿಕ್ಕಿನ ವಾಸನೆ. ಸ್ಟೋರ್ಸಿನವನು ಅವನ್ನು ಗಾಜಿನ ಬೀರುವಿನಲ್ಲಿ ಸಾಲಾಗಿ ಜೋಡಿಸಿಟ್ಟ. ಯಾರಾದರೂ ದೊಡ್ಡವರು ಫ್ಯಾಕ್ಟರಿ ನೋಡಲು ಬಂದರೆ ಹೊರಗೆ, ಹೋದರೆ ಒಳಗೆ. ಬೀಗದ ಕೈಗಾಗಿ ನಾನು ಜಗಳವಾಡಿ ನಾಲ್ಕನ್ನು ಶಾಪಿಗೆ ಒಯ್ದೆ. ವೆಂಕಟಪ್ಪ ತಲೆಯಲ್ಲಾಡಿಸಿದ. "ಇದ್ ಹಾಕ್ಕೊಂಡ್ರೆ ಡೈ ಅಚ್ಚು ಬಿರುಕು ಬಿಡೋ ಸದ್ದು ಗೊತ್ತಾಗಲ್ಲ ಮೇಡಮ್ಮಾ, ಈ ಕಿವಿಗೆ ಉಳ್ದಿರೋದೇ ಅದೊಂದು. ಕೈ ಹೋಯ್ತದೆ." ಅವನ ಮಾತೂ ನಿಜವೇ. ಕಿವಿ ಉಳಿಸಿಕೊಂಡರೆ ಕೈ ಹೋಗುತ್ತದೆ, ಕೈ ಉಳಿಸಿಕೊಂಡರೆ ಕಿವಿ. ಇವೆರಡಕ್ಕೂ ಉತ್ತರವಾಗಿದ್ದ ಗೋಡೆ ಮಾತ್ರ ನಾಟ್ ನೆಸೆಸರಿ.

ಸಂಕ್ರಾಂತಿಗೆ ಮುನಿರಾಜು ಪರ್ಮನೆಂಟ್ ಆದ. ಎಳ್ಳು ಬೆಲ್ಲದ ಜೊತೆ ಒಂದು ಪೊಟ್ಟಣ ಮೈಸೂರು ಪಾಕು ತಂದು ಕೊಟ್ಟ. ಫಿಟ್ ಚೀಟಿ ಟೈಪ್ ಮಾಡಿದವಳು ನಾನು. ಆಮೇಲೆ ಎರಡು ವರ್ಷಕ್ಕೆ ನಾನು ಆ ಕೆಲಸ ಬಿಟ್ಟು ಸ್ಕೂಲೊಂದಕ್ಕೆ ಇಂಗ್ಲಿಷ್ ಟೀಚರ್ ಆಗಿ ಹೋದೆ. ಬಿಡುವಾಗ ಆ ಫೈಲನ್ನು ಮನೆಗೆ ತಂದೆ. ಟ್ರಂಕಿನಲ್ಲಿದೆ. ಹದಿನೇಳು ಹಾಳೆಗಳಿಗೂ ಗೆದ್ದಲು ಹಿಡಿದಿಲ್ಲ, ಯಾರಿಗೂ ಬೇಕಾಗಿಯೂ ಇಲ್ಲ.

ಅವನನ್ನು ಕೊನೆಯ ಸಲ ನೋಡಿದ್ದು ಆಲಸನತ್ತಂನ ಈ ಮನೆಯಲ್ಲೇ. ಮಗಳ ಮದುವೆಯ ಲಗ್ನಪತ್ರಿಕೆ ಕೊಡಲು ಬಂದಿದ್ದ. ಅಳುವುದೇ ಇಲ್ಲ ಅಂದಿದ್ದನಲ್ಲ, ಆ ಮಗಳು. ಅವಳು ನರ್ಸಿಂಗ್ ಮುಗಿಸಿದ್ದಳು, ಅವನು ಉದ್ದನಪಲ್ಲಿಯಲ್ಲಿ ಮಾಳಿಗೆ ಮನೆ ಕಟ್ಟಿದ್ದ. ತಲೆ ಪೂರ್ತಿ ಬೆಳ್ಳಗೆ. ಎರಡೂ ಕಿವಿಯಲ್ಲಿ ಏನೂ ಇರಲಿಲ್ಲ. ಕಿವಿಗೆ ಮಿಷಿನ್ ಹಾಕಿಕೊಳ್ಳೋ ಅಂದರೆ, "ಹಾಕ್ಕೊಂಡ್ರೆ ಬರೀ ಪ್ರೆಸ್ಸು ಹೊಡ್ದಂಗೆ ಕೇಳ್ತದೆ ಅಕ್ಕಾ" ಅಂದ, ಊರಿಗೆಲ್ಲ ಕೇಳುವ ಹಾಗೆ.

ಕಾಫಿ ಕುಡಿದ. ಎದ್ದು ನಿಂತವನು ಏನೋ ನೆನಪಾದ ಹಾಗೆ ಊಟದ ಮೇಜಿನ ಕುರ್ಚಿಯೊಂದನ್ನು ಎಳೆದ, ಗೋಡೆಗೆ ಮುಖ ಮಾಡಿ ಇಟ್ಟ, ನನಗೆ ಬೆನ್ನು ಹಾಕಿ ಕೂತ. ಅದೇ ಹಳೆಯ ತುಂಟತನ.

"ಈಗ ಮಾಡಿ ಅಕ್ಕಾ ನಿಮ್ ಟೆಸ್ಟು. ಸರಿಯಾಗಿ ಮಾಡಿ. ಏನಾರಾ ಮಾತಾಡಿ, ಕೇಳಿದ್ರೆ ಬೆರಳೆತ್ತೀನಿ."

ನಾನು ಅವನ ಬೆನ್ನು ನೋಡಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನ ಹಿಂದೆ ಬೆವರು. ಮುಖ ಕಂಡಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

"ಮುನಿರಾಜು, ಆ ಫೈಲು ನಾನು ವಾಪಸ್ ತರಬಾರದಿತ್ತು. ನನ್ನನ್ನ ಕ್ಷಮಿಸಿಬಿಡಪ್ಪಾ" ಅಂದೆ. ಪಿಸುಮಾತಲ್ಲ. ಕ್ಲಾಸಿನ ಕೊನೆಯ ಬೆಂಚಿಗೆ ಕೇಳುವಷ್ಟು ಗಟ್ಟಿಯಾಗಿಯೇ ಅಂದೆ.

ಅವನ ಬಲಗೈ ತೊಡೆಯ ಮೇಲಿತ್ತು. ಬೆರಳು ಸಿದ್ಧವಾಗಿತ್ತು. ಅವನು ಗೋಡೆ ನೋಡುತ್ತ, ಕಾಯುತ್ತ ಕೂತೇ ಇದ್ದ.